ಹುಟ್ಟುಗುಣದ ಲೆಕ್ಕ

ನೋಡು ಮಗು, ಮನಃಶಾಸ್ತ್ರ ಓದಿ ಮುಗಿಸಿ ಶಾಲೆಯೊಂದಕ್ಕೆ ಆಪ್ತಸಮಾಲೋಚಕಿಯಾಗಿ ಹೊರಟಿದ್ದೀಯ. ಹೊಡೆದಾಡಿದ ಹುಡುಗರನ್ನೆಲ್ಲ ಇನ್ನು ನಿನ್ನ ಬಳಿಗೇ ಕಳಿಸುತ್ತಾರೆ. ಹುಡುಗ ಬರುವ ಮೊದಲೇ ಅವನ ಮೇಲಿನ ತೀರ್ಪು ಬಂದಿರುತ್ತದೆ: ‘ಇವರಪ್ಪನೂ ಹೀಗೇ ಮೇಡಂ, ರಕ್ತದಲ್ಲೇ ಬಂದಿದೆ. ಹುಟ್ಟುಗುಣ ಸುಟ್ಟರೂ ಹೋಗಲ್ಲ.’ ಸ್ವಲ್ಪ ಓದಿಕೊಂಡವರಾದರೆ ಅವಳಿ ಮಕ್ಕಳ ಮೇಲಿನ ಸಂಶೋಧನೆಯನ್ನೂ ಸಾಕ್ಷಿಗೆ ತರುತ್ತಾರೆ. ಆ ಸಂಶೋಧನೆಯನ್ನು ನೀನು ತಳ್ಳಿಹಾಕಬೇಡ, ಪೂರ್ತಿ ಓದು. ಅರ್ಧ ಓದಿದವರಿಂದಲೇ ಅದಕ್ಕೆ ಕೆಟ್ಟ ಹೆಸರು ಬಂದದ್ದು.

ವಿಧಾನವೇನೋ ಸರಳ. ತದ್ರೂಪಿ ಅವಳಿಗಳು ಒಂದೇ ಅಂಡ ಎರಡಾಗಿ ಹುಟ್ಟಿದವರು. ಅವರ ಜೀನ್‌ಗಳು ಹೆಚ್ಚುಕಡಿಮೆ ಪೂರ್ತಿ ಒಂದೇ. ಬೇರೆ ಬೇರೆ ಅಂಡಗಳಿಂದ ಹುಟ್ಟಿದ ಅವಳಿಗಳಲ್ಲಿ ಹೋಲಿಕೆ ಸರಾಸರಿ ಅರ್ಧದಷ್ಟು, ಬೇರೆ ಒಡಹುಟ್ಟಿದವರಲ್ಲಿ ಇದ್ದಂತೆಯೇ. ಎರಡೂ ಬಗೆಯ ಜೋಡಿಗಳು ಒಂದೇ ಸೂರಿನಡಿ, ಒಂದೇ ಅಡುಗೆ ಉಂಡು ಬೆಳೆಯುತ್ತವೆ. ಸಿಟ್ಟು, ಜಗಳ, ಕೈ ಮಾಡುವ ಚಾಳಿಯಲ್ಲಿ ತದ್ರೂಪಿಗಳು ಎಷ್ಟು ಹೆಚ್ಚು ಹೋಲುತ್ತಾರೋ ಅದರಿಂದ ಜೀನ್‌ಗಳ ಪಾಲನ್ನು ಅಂದಾಜು ಮಾಡುತ್ತಾರೆ. 2002ರಲ್ಲಿ ರೀ ಮತ್ತು ವಾಲ್ಡ್‌ಮನ್ ಎಂಬ ಸಂಶೋಧಕರು ಅವಳಿಗಳ ಮತ್ತು ದತ್ತು ಮಕ್ಕಳ ಮೇಲಿನ 51 ಅಧ್ಯಯನಗಳನ್ನು ಒಟ್ಟಿಗಿಟ್ಟು ಲೆಕ್ಕ ಹಾಕಿದರು. ಸಮಾಜವಿರೋಧಿ ನಡವಳಿಕೆಯಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದಲ್ಲಿ ಸುಮಾರು ಶೇ 41 ಜೀನ್‌ಗಳ ಪಾಲು ಎಂದು ಬಂತು.

ಜನರ ನಡುವಿನ ವ್ಯತ್ಯಾಸ ಎಂಬುದನ್ನು ಮರೆಯಬೇಡ. ನಿನ್ನೆದುರು ಕೂತ ಹುಡುಗನ ಸಿಟ್ಟಿನಲ್ಲಿ ನೂರಕ್ಕೆ 41 ಪಾಲು ಅಪ್ಪನದು ಎಂದು ಅದು ಹೇಳುವುದೇ ಇಲ್ಲ. ತಟ್ಟೆಯಲ್ಲಿರುವ ಒಂದು ಮುದ್ದೆಯ ಹದದಲ್ಲಿ ಹಿಟ್ಟಿನ ಪಾಲೆಷ್ಟು, ನೀರಿನ ಪಾಲೆಷ್ಟು ಎಂದು ಕೇಳಿದರೆ ಉತ್ತರವಿಲ್ಲ. ಊರಿನ ಹತ್ತು ಮನೆಯ ಮುದ್ದೆಗಳು ಬೇರೆ ಬೇರೆ ಹದಕ್ಕೆ ಬಂದದ್ದೇಕೆ ಎಂದರೆ ಏನಾದರೂ ಹೇಳಬಹುದು.

ಈ ಭೇದ ಅರಿಯದವರು ಏನು ಮಾಡಿದರೆಂದೂ ತಿಳಿದಿರು. 1929ರಲ್ಲಿ ಜರ್ಮನಿಯ ಯೊಹಾನೆಸ್ ಲಾಂಗೆ, ಅವಳಿ ಇದ್ದ 30 ಕೈದಿಗಳನ್ನು ಪರೀಕ್ಷಿಸಿ ಅಪರಾಧವೇ ವಿಧಿ ಎಂಬರ್ಥದ ಹೆಸರಿಟ್ಟು ಪುಸ್ತಕ ಬರೆದ. 13 ತದ್ರೂಪಿ ಜೋಡಿಗಳಲ್ಲಿ 10ರಲ್ಲಿ ಇಬ್ಬರೂ ಜೈಲು ಕಂಡಿದ್ದರು. ಅಷ್ಟು ಕಡಿಮೆ ಜನರ ಮೇಲೆ ಅಷ್ಟು ದೊಡ್ಡ ಮಾತು! ನಾಲ್ಕೇ ವರ್ಷಕ್ಕೆ ಅದೇ ದೇಶದಲ್ಲಿ ‘ಆನುವಂಶಿಕ ಕಾಯಿಲೆ’ಯವರೆಂದು ಗುರುತಿಸಿದವರಿಗೆ ಬಲವಂತದ ಸಂತಾನಹರಣದ ಕಾನೂನು ಬಂತು. ಮುಂದೆ ಡೆನ್ಮಾರ್ಕಿನ ಕ್ರಿಸ್ಟಿಯಾನ್ಸೆನ್ 3,586 ಅವಳಿ ಜೋಡಿಗಳ ದಾಖಲೆ ತೆಗೆದು ನೋಡಿದಾಗ, ಒಬ್ಬ ಅಪರಾಧಿಯಾಗಿದ್ದರೆ ಇನ್ನೊಬ್ಬನೂ ಅಪರಾಧಿಯಾಗಿದ್ದ ತದ್ರೂಪಿ ಗಂಡು ಜೋಡಿಗಳು ಶೇ 35ರಷ್ಟು ಮಾತ್ರ. ಇನ್ನೊಂದು ಬಗೆಯವರಲ್ಲಿ ಶೇ 13. ಜೀನ್‌ಗಳ ಗುರುತು ಅಲ್ಲಿ ಇದ್ದೇ ಇದೆ. ಆದರೆ ಉಳಿದ ಶೇ 65ರಷ್ಟು ಜೋಡಿಗಳಲ್ಲಿ ಅದೇ ಜೀನ್ ಹೊತ್ತ ಇನ್ನೊಬ್ಬ ಶಿಕ್ಷೆಗೆ ಗುರಿಯಾಗಲಿಲ್ಲ.

ನಮ್ಮ ನೆಲದಲ್ಲಂತೂ ಅಧ್ಯಯನದ ನೆಪವೂ ಬೇಕಾಗಲಿಲ್ಲ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾನೂನು ತಂದು ಇಡೀ ಇಡೀ ಸಮುದಾಯಗಳನ್ನೇ ಹುಟ್ಟು ಅಪರಾಧಿಗಳೆಂದು ಪಟ್ಟಿ ಮಾಡಿದರು. ಹುಬ್ಬಳ್ಳಿ, ವಿಜಯಪುರಗಳಲ್ಲಿ ಅಂಥವರನ್ನು ಕೂಡಿಹಾಕಿದ ಸೆಟ್ಲ್‌ಮೆಂಟ್‌ಗಳಿದ್ದವು. ಕಾನೂನು ರದ್ದಾದದ್ದು 1952ರಲ್ಲಿ. ಅವರ ಮೊಮ್ಮಕ್ಕಳು ನಿನ್ನ ಶಾಲೆಯಲ್ಲೂ ಇರಬಹುದು. ‘ರಕ್ತದಲ್ಲೇ ಬಂದಿದೆ’ ಎಂಬ ಮಾತು ಆ ಮಕ್ಕಳ ಕಿವಿಗೆ ಬಿದ್ದರೆ ಏನಾಗುತ್ತದೆಂದು ಯೋಚಿಸು.

ನಾನು ನಿನಗೆ ಹೇಳಲೇಬೇಕೆಂದಿದ್ದದ್ದು ಇನ್ನೊಂದು ಅಧ್ಯಯನದ ಸಂಗತಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1994–95ರಲ್ಲಿ ಹುಟ್ಟಿದ 1,116 ಅವಳಿ ಜೋಡಿಗಳನ್ನು ಟೆರಿ ಮೊಫಿಟ್ ಮತ್ತು ಸಂಗಡಿಗರು ಚಿಕ್ಕಂದಿನಿಂದ ಹಿಂಬಾಲಿಸಿದ್ದಾರೆ. ಮಕ್ಕಳು ಐದು ವರ್ಷದವರಿದ್ದಾಗ ತಾಯಂದಿರಿಗೆ, ಒಬ್ಬೊಬ್ಬ ಮಗುವಿನ ಬಗ್ಗೆ ಐದೈದು ನಿಮಿಷ ಮನಸ್ಸಿಗೆ ಬಂದದ್ದನ್ನು ಹೇಳಿ ಎಂದು ಕೇಳಿ ಧ್ವನಿಮುದ್ರಿಸಿಕೊಂಡರು. ತದ್ರೂಪಿಗಳೇ ಆದರೂ ತಾಯಿಯ ಮಾತಿನಲ್ಲಿ ಒಬ್ಬನ ಮೇಲೆ ಅಕ್ಕರೆ, ಇನ್ನೊಬ್ಬನ ಮೇಲೆ ಬೇಸರ ಕಾಣುತ್ತಿತ್ತು. ಬೇಸರ ಹೆಚ್ಚು, ಅಕ್ಕರೆ ಕಡಿಮೆ ಸಿಕ್ಕಿದ ಮಗುವೇ ಮುಂದೆ ಶಾಲೆಯಲ್ಲಿ ಹೆಚ್ಚು ತಂಟೆ ಮಾಡುತ್ತದೆಂದು ಏಳನೇ ವರ್ಷದಲ್ಲಿ ಶಿಕ್ಷಕರು ಹೇಳಿದರು. ಜೀನ್ ಒಂದೇ, ಮನೆ ಒಂದೇ. ಬೇರೆಯಾದದ್ದು ಅಮ್ಮನ ಮಾತು. ಆ ತಾಯಂದಿರನ್ನು ದೂರಲು ಇದನ್ನು ಹೇಳುತ್ತಿಲ್ಲ. ಎರಡು ಕೂಸುಗಳನ್ನು ಒಟ್ಟಿಗೆ ಸಾಕುವ ಕಷ್ಟ ಸಾಕಿದವರಿಗೇ ಗೊತ್ತು.

ಅದೇ ಮಕ್ಕಳಲ್ಲಿ ಹೊಡೆತದ ಪರಿಣಾಮವನ್ನೂ ನೋಡಿದರು. ದುಂಡಾವರ್ತಿಯ ಆನುವಂಶಿಕ ಅಪಾಯ ತೀರಾ ಕಡಿಮೆ ಇದ್ದ ಮಕ್ಕಳಲ್ಲಿ, ದೊಡ್ಡವರ ಕೈಲಿ ಕ್ರೂರವಾಗಿ ಹೊಡೆಸಿಕೊಂಡದ್ದು ನಡತೆ ಕೆಡುವ ಸಂಭವವನ್ನು ಶೇ 2ರಷ್ಟು ಹೆಚ್ಚಿಸಿತ್ತು. ಅಪಾಯ ಅತಿ ಹೆಚ್ಚಿದ್ದವರಲ್ಲಿ ಶೇ 24ರಷ್ಟು. ಇದರ ಅರ್ಥವೇನು ಹೇಳು. ‘ಅವರಪ್ಪನ ಗುಣ, ನಾಲ್ಕು ಬಿಗಿದರೇ ಬುದ್ಧಿ ಬರೋದು’ ಎನ್ನುತ್ತಾರಲ್ಲ, ಅಪ್ಪನ ಗುಣ ಬಂದಿರುವುದೇ ನಿಜವಾದರೆ ಆ ಹುಡುಗನ ಮೇಲೆ ಎಲ್ಲರಿಗಿಂತ ಮೊದಲು ಕೈ ಎತ್ತುವುದನ್ನು ನಿಲ್ಲಿಸಬೇಕು. ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಗೂ ನಿಷೇಧಿಸಿದೆ; ಸ್ಟಾಫ್ ರೂಮಿನಲ್ಲಿ ಅದನ್ನು ನೆನಪಿಸಲು ಹಿಂಜರಿಯಬೇಡ, ಹೊಸಬಳು ಎಂಬ ಸಂಕೋಚವೂ ಬೇಡ.

ಅವಳಿಗಳ ಅಧ್ಯಯನ ಓದುವಾಗ ಮಗುವಿನ ಬಗ್ಗೆ ಹೇಳಿದವರು ಯಾರು, ತಾಯಿಯೋ ಶಿಕ್ಷಕರೋ ಜೊತೆಗಾರರೋ ಎಂದು ನೋಡು. ತದ್ರೂಪಿಗಳನ್ನು ಜನ ಒಂದೇ ಥರ ನಡೆಸಿಕೊಳ್ಳುವುದೂ ಉಂಟು. ಅದರಿಂದ ಜೀನ್‌ನ ಪಾಲು ಹೆಚ್ಚಾಗಿ ಕಾಣಬಹುದು. ಇನ್ನು ಶಾಲೆಯಲ್ಲಿ ‘ವಂಶದ ಗುಣ’ ಎಂದು ಯಾರಾದರೂ ಬರೆದ ಫೈಲು ನಿನ್ನ ಮೇಜಿಗೆ ಬಂದರೆ ಅದನ್ನು ಪಕ್ಕಕ್ಕಿಡು. ಹುಡುಗನನ್ನು ಕೂರಿಸಿಕೊಂಡು, ಮನೆಯಲ್ಲಿ ನಿನಗೆ ಯಾರಾದರೂ ಹೊಡೆಯುತ್ತಾರಾ ಎಂದು ಕೇಳು. ಆಮೇಲೆ ಅವರಮ್ಮನನ್ನು ಕರೆಸಿ, ಮಗನ ಬಗ್ಗೆ ಐದು ನಿಮಿಷ ಹೇಳಿ ಅಮ್ಮಾ ಎಂದು ಕೇಳು. ಅವರು ಮುಗಿಸುವವರೆಗೆ ನಡುವೆ ಬಾಯಿ ಹಾಕಬೇಡ.