ಅರಿಕೆಗೆ ಉತ್ತರ: ಜ್ಯಾಂಗೋ ಚೌಕಟ್ಟಿನಲ್ಲಿ ‘ವ್ಯೂ’ ಬರೆಯುವ ಬಗೆ

ಶಾಲೆಯ ಕಚೇರಿಗೆ ಬಂದ ಅರ್ಜಿಯು ಆವಕ ವಹಿಯಲ್ಲಿ ದಾಖಲಾಗಿ, ಸಂಬಂಧಪಟ್ಟ ಗುಮಾಸ್ತರ ಮೇಜಿಗೆ ಹೋಗಿ, ಉತ್ತರರೂಪವಾಗಿ ಜಾವಕ ವಹಿಯ ಮೂಲಕ ಹೊರಬೀಳುವ ಕ್ರಮವು ನಮ್ಮ ಅಧ್ಯಾಪಕ ಬಂಧುಗಳಿಗೆ ಚಿರಪರಿಚಿತವಾದುದು. ಅಂತರಜಾಲ ತಾಣದ ಒಳಗೆ ನಡೆಯುವುದೂ ಇದೇ ವ್ಯವಹಾರ. ಪೈಥಾನ್ ಭಾಷೆಯಲ್ಲಿ ರಚಿತವಾದ ‘ಜ್ಯಾಂಗೋ’ ಎಂಬ ಚೌಕಟ್ಟಿನಲ್ಲಿ ಆ ಗುಮಾಸ್ತರ ಕೆಲಸವನ್ನು ನಿರ್ವಹಿಸುವ ಭಾಗಕ್ಕೆ ‘ವ್ಯೂ’ ಎಂದು ಹೆಸರು. ಅಮೆರಿಕೆಯ ಕಾನ್ಸಾಸ್ ಸಂಸ್ಥಾನದ ಲಾರೆನ್ಸ್ ಪಟ್ಟಣದ ವೃತ್ತಪತ್ರಿಕೆಯೊಂದರ ಕಚೇರಿಯಲ್ಲಿ ಹುಟ್ಟಿದ ಈ ಚೌಕಟ್ಟು 2005ರಲ್ಲಿ ಸಾರ್ವಜನಿಕರಿಗೆ ಮುಕ್ತವಾಯಿತು. ಗಿಟಾರ್ ವಾದಕ ಜ್ಯಾಂಗೋ ರೈನ್‌ಹಾರ್ಟನ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆ. ಪದದ ಅರ್ಥವನ್ನು ನಿಘಂಟಿನಲ್ಲಿ ಹುಡುಕಹೊರಡುವವರಿಗೆ ಶ್ರಮ ತಪ್ಪಲೆಂದು ಈ ಮಾತು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. 1986ರಲ್ಲಿ ಶಂಕುಸ್ಥಾಪನೆಗೊಂಡ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ತಾಲೂಕುಗಳ ಕರಾವಳಿಯ ಅನೇಕ ಕುಟುಂಬಗಳು ಮನೆ-ಗದ್ದೆಗಳನ್ನು ಬಿಟ್ಟು ಹೊರಟವು. ಅಂಥ ಕುಟುಂಬದ ಹಳೆಯ ವಿದ್ಯಾರ್ಥಿಯೊಬ್ಬನು ಈಗ ಗೋವೆಯಲ್ಲಿದ್ದು, ತಾನು ಕಲಿತ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರವನ್ನು ತಾಣದ ಮೂಲಕ ಕೋರುತ್ತಾನೆಂದು ಭಾವಿಸಿರಿ. ಹುಟ್ಟಿದ ಮನೆಯೇ ಇಲ್ಲವಾದವನಿಗೆ ಜನರಲ್ ರಜಿಸ್ಟರಿನ ಒಂದು ಸಾಲು ತಾನು ಎಲ್ಲಿಯವನೆಂಬುದಕ್ಕೆ ಉಳಿದ ಸಾಕ್ಷಿ. ಆದುದರಿಂದ ಅವನ ಅರಿಕೆಯನ್ನು ನಿರ್ವಹಿಸುವ ‘ವ್ಯೂ’ ಎಚ್ಚರದಿಂದ ರಚಿತವಾಗಬೇಕು.

ಬಂದ ವಿಳಾಸವನ್ನು ಜ್ಯಾಂಗೋ ತನ್ನ ವಿಳಾಸಪಟ್ಟಿಯೊಡನೆ ಮೇಲಿನಿಂದ ಕೆಳಕ್ಕೆ ಹೋಲಿಸುತ್ತ, ಮೊದಲು ಹೊಂದಿದ ಸಾಲಿನ ‘ವ್ಯೂ’ಗೆ ಅರಿಕೆಯನ್ನು ಒಪ್ಪಿಸುತ್ತದೆ. ‘ವ್ಯೂ’ ಎಂದರೆ ಸಾಮಾನ್ಯವಾಗಿ ಒಂದು ಫಂಕ್ಷನ್. ‘ರಿಕ್ವೆಸ್ಟ್’ ಅನ್ನು ಪಡೆದು ‘ರೆಸ್ಪಾನ್ಸ್’ ಅನ್ನು ಹಿಂದಿರುಗಿಸುವುದು ಅದರ ಧರ್ಮ. ಇಲ್ಲಿ ಮೌನಕ್ಕೆ ಅವಕಾಶವಿಲ್ಲ. ನಮೂನೆ ಸರಿಯಿದ್ದಾಗ ಏನು ಮಾಡಬೇಕೆಂದು ಬರೆದು, ತಪ್ಪಿದ್ದಾಗ ಉತ್ತರವನ್ನೇ ಹಿಂದಿರುಗಿಸದೆ ಬಿಡುವುದು ಕಲಿಯುವವರಲ್ಲಿ ಬಹಳ ಸಾಮಾನ್ಯ. ಆಗ ಬಳಕೆದಾರನಿಗೆ ಕಾಣುವುದು 500 ಎಂಬ ದೋಷಸಂಖ್ಯೆ ಮಾತ್ರ. ಅದರ ಬದಲು ತುಂಬಿದ ನಮೂನೆಯನ್ನೇ ದೋಷಸೂಚನೆಯೊಡನೆ ಮರಳಿಸಬೇಕು. ಕರ್ನಾಟಕದ 2011ರ ‘ಸಕಾಲ’ ಕಾಯಿದೆಯು ಅರ್ಜಿದಾರನಿಗೆ ಸ್ವೀಕೃತಿಯನ್ನು ಕೊಡಬೇಕೆಂದು ಕಚೇರಿಗಳಿಗೆ ವಿಧಿಸಿದ್ದು ಇದೇ ನ್ಯಾಯದಿಂದಲ್ಲವೇ!

ಅರಿಕೆಗಳಲ್ಲಿ ಓದುವಂಥದು ‘ಗೆಟ್’, ಬದಲಿಸುವಂಥದು ‘ಪೋಸ್ಟ್’. ಅರ್ಜಿಯನ್ನು ರದ್ದುಪಡಿಸುವ ಕೆಲಸವನ್ನು ‘ಗೆಟ್’ ಕೊಂಡಿಗೆ ಕಟ್ಟಿದರೆ, ಪುಟಗಳನ್ನು ಮುಂಚಿತವಾಗಿಯೇ ತೆರೆದಿಡುವ ಬ್ರೌಸರು ಯಾರೂ ಒತ್ತದೆಯೇ ಅದನ್ನು ರದ್ದುಪಡಿಸೀತು. ‘ಪೋಸ್ಟ್’ ಯಶಸ್ವಿಯಾದ ಮೇಲೆ ಪುಟವನ್ನು ನೇರವಾಗಿ ತೋರಿಸದೆ, 302ರ ಮೂಲಕ ಸ್ವೀಕೃತಿಯ ಪುಟಕ್ಕೆ ಕಳುಹಿಸುವುದು ಲೇಸು. ಪುಟವನ್ನು ಮರುತೆರೆದರೂ ಅರ್ಜಿ ಎರಡಾಗದು. ಮಳೆಗಾಲದಲ್ಲಿ ಸಂಪರ್ಕ ಕುಂಟಿದಾಗ ಗುಂಡಿಯನ್ನೇ ಎರಡು ಬಾರಿ ಒತ್ತುವವರಿದ್ದಾರೆ. ಅವರಿಗೆ ಈ ಉಪಾಯ ಸಾಲದು. ದತ್ತಸಂಚಯದಲ್ಲಿಯೇ ಒಂದೇ ಅರ್ಜಿ ಎರಡಾಗದಂತೆ ನಿರ್ಬಂಧ ಹಾಕಬೇಕು.

ಇನ್ನು ಅತಿ ಮುಖ್ಯವಾದ ಸಂಗತಿ. ಪ್ರಮಾಣಪತ್ರದ ವಿಳಾಸದ ಕೊನೆಯಲ್ಲಿ 25 ಎಂದಿದ್ದರೆ, ಅದನ್ನು 26 ಎಂದು ತಿದ್ದಿದವನಿಗೆ ಮತ್ತೊಬ್ಬರ ಜನ್ಮದಿನಾಂಕ, ಜಾತಿ, ತಂದೆಯ ಹೆಸರು ಎಲ್ಲವೂ ಕಾಣಬಹುದೇ? ‘ಲಾಗಿನ್ ರಿಕ್ವೈರ್ಡ್’ ಎಂಬ ಕಾವಲನ್ನು ಇಟ್ಟ ಮಾತ್ರಕ್ಕೆ ಇದು ತಪ್ಪುವುದಿಲ್ಲ. ಅದು ಬಂದವನು ಒಳಗಿನವನೋ ಎಂದಷ್ಟೇ ನೋಡುತ್ತದೆ, ಕಾಗದ ಅವನದೋ ಎಂದು ಕೇಳುವುದಿಲ್ಲ. ಆದ್ದರಿಂದ ದಾಖಲೆಯನ್ನು ಹುಡುಕುವಾಗ ಸಂಖ್ಯೆಯೊಡನೆ ಅರ್ಜಿದಾರನನ್ನೂ ಸೇರಿಸಿಯೇ ಹುಡುಕಬೇಕು. ಎರಡೂ ಹೊಂದದಿದ್ದರೆ 404 ಎಂಬ ಉತ್ತರ ಸಾಕು. 403 ಎಂದರೆ ಅಂಥ ದಾಖಲೆ ಉಂಟು ಎಂಬ ಸುಳಿವಾದರೂ ದೊರೆತೀತು.

ಪರೀಕ್ಷಿಸುವ ಬಗೆಯೂ ಸುಲಭ. ಇಬ್ಬರು ಕಲ್ಪಿತ ವಿದ್ಯಾರ್ಥಿಗಳ ಹೆಸರಿನಲ್ಲಿ ಖಾತೆ ತೆರೆದು, ಒಬ್ಬನಾಗಿ ಪ್ರವೇಶಿಸಿ ಇನ್ನೊಬ್ಬನ ಸಂಖ್ಯೆಯನ್ನು ವಿಳಾಸದಲ್ಲಿ ಬರೆಯಿರಿ. ಪ್ರಮಾಣಪತ್ರ ತೆರೆದುಕೊಂಡರೆ ತಾಣವನ್ನು ಆ ದಿನ ಸಾರ್ವಜನಿಕರಿಗೆ ಬಿಡಕೂಡದು.