ಬೆಕ್ಕಿನ ಮರಿ ಸತ್ತರೆ ನೆರೆಮನೆಯವರನ್ನು ಅನುಮಾನಿಸುವ ಮೊದಲು



ಈ ತಿಂಗಳ ಪಾಠ ಬೆಕ್ಕಿನ ಮರಿಗಳ ರೋಗದ ಬಗ್ಗೆ. "ಸಿಸ್ಟರ್, ಉಳಿತಾಯ, ಸಾಲ, ರೇಷನ್ ಕಾರ್ಡ್ ಬಿಟ್ಟು ಬೆಕ್ಕಿನ ಮಾತು ಯಾಕ?" ಅಂತ ನೀವು ಕೇಳಬಹುದು. ಕಾರಣ ಇದೆ.

ಮೋಮಿನಪುರದಂಥ ಓಣಿಗಳಲ್ಲಿ ಗೋಡೆಗೆ ಗೋಡೆ ಹತ್ತಿದ ಮನೆಗಳು. ಒಂದೇ ಬೆಕ್ಕು ನಾಲ್ಕು ಮನೆಯಲ್ಲಿ ಹಾಲು ಕುಡಿದು ಐದನೇ ಮನೆಯ ಮಾಳಿಗೆ ಮೇಲೆ ಮಲಗುತ್ತದೆ. ಜೋಳ, ತೊಗರಿ ಚೀಲಕ್ಕೆ ಇಲಿ ಬರದಂತೆ ಕಾಯುವುದೂ ಅದೇ. ಅದರ ಮರಿಗಳು ಒಂದರ ಹಿಂದೆ ಒಂದು ವಾಂತಿ ಮಾಡಿಕೊಂಡು ಸತ್ತವೆನ್ನಿ. ಮೊದಲು ಹುಟ್ಟುವ ಮಾತು "ಯಾರೋ ವಿಷ ಹಾಕ್ಯಾರ" ಎಂಬುದು. ಸಂಜೆಯೊಳಗೆ ಒಂದು ಹೆಸರೂ ಹುಟ್ಟುತ್ತದೆ. ಹೋದ ವಾರ ಬೆಕ್ಕು ಮೀನು ಕದ್ದಿತೆಂದು ಬೈದಾಕೆಯ ಹೆಸರು! ಮುಂದಿನ ಸಭೆಗೆ ಆಕೆ ಬಂದರೆ ಈಕೆ ಬರುವುದಿಲ್ಲ. ಹತ್ತು ವರ್ಷ ಕೂಡಿ ಉಳಿತಾಯ ಮಾಡಿದ ಸಂಘ ಇಂಥ ಸಣ್ಣ ಮಾತಿಗೆ ಒಡೆಯುತ್ತದೆ.

ವಿಷದಂತೆಯೇ ಕಾಣುವ ಒಂದು ರೋಗ ಇದೆ. ಅದರ ಹೆಸರು ಫೆಲೈನ್ ಪ್ಯಾನ್‌ಲ್ಯುಕೋಪೇನಿಯಾ. ಹೆಸರು ಉದ್ದ, ನೆನಪಿಡುವುದು ಕಷ್ಟ, "ಎಫ್‌ಪಿವಿ" ಅಂದರೂ ವೈದ್ಯರಿಗೆ ತಿಳಿಯುತ್ತದೆ. ಇದು ವೈರಸ್ಸಿನಿಂದ ಬರುತ್ತದೆ. ಬೆಕ್ಕಿನ ಕರುಳನ್ನು ಕೆಡಿಸುತ್ತದೆ, ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳನ್ನು ಕಡಿಮೆ ಮಾಡುತ್ತದೆ. 2025ರ ಆರಂಭದಲ್ಲಿ ನಮ್ಮ ಪಕ್ಕದ ರಾಯಚೂರಿನಲ್ಲಿ ಈ ರೋಗದಿಂದ ಬೆಕ್ಕುಗಳು ಸತ್ತ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಅದಕ್ಕೂ ಮೊದಲು, 2023ರ ಆಗಸ್ಟ್-ಸೆಪ್ಟೆಂಬರಿನಲ್ಲಿ, ಬೆಂಗಳೂರಿನ ಬನ್ನೇರುಘಟ್ಟ ಉದ್ಯಾನದಲ್ಲಿ 7 ಚಿರತೆ ಮರಿಗಳು ಇದೇ ರೋಗದಿಂದ ಸತ್ತವು. ಕಾವಲು, ವೈದ್ಯರು ಎಲ್ಲಾ ಇದ್ದ ಜಾಗದಲ್ಲೇ ಹೀಗಾಯಿತು. ಹಾಗಿರುವಾಗ ನಮ್ಮ ಓಣಿಯಲ್ಲಿ ಮರಿ ಸತ್ತರೆ ಅದಕ್ಕೆ ವೈರಿ ಬೇಕಾಗಿಲ್ಲ.

ವಿಷ ಯಾವುದು, ರೋಗ ಯಾವುದು? ಕಣ್ಣಿನಿಂದ ನೋಡಿ ಖಚಿತ ಹೇಳಲು ವೈದ್ಯರಿಗೂ ಆಗುವುದಿಲ್ಲ, ಪರೀಕ್ಷೆ ಬೇಕು. ಆದರೂ ಕೆಲವು ಗುರುತು ಇವೆ. ರೋಗವಾದರೆ ಮರಿ ಸಾಮಾನ್ಯವಾಗಿ ಒಂದೆರಡು ದಿನ ಮೊದಲೇ ಮಂಕಾಗುತ್ತದೆ. ಮೈ ಬಿಸಿ, ಊಟ ಬೇಡ. ನೀರಿನ ಬಟ್ಟಲ ಮುಂದೆ ತಲೆ ಬಗ್ಗಿಸಿ ಕೂಡುತ್ತದೆ, ಕುಡಿಯುವುದಿಲ್ಲ. ಆಮೇಲೆ ಹಳದಿ ವಾಂತಿ, ಭೇದಿ, ಕೆಲವೊಮ್ಮೆ ರಕ್ತ. ಲಸಿಕೆ ಆಗದ ಮರಿಗಳೇ, ಅದರಲ್ಲೂ ಐದು ತಿಂಗಳ ಒಳಗಿನವು, ಹೆಚ್ಚು ಸಾಯುತ್ತವೆ. ದೊಡ್ಡ ಬೆಕ್ಕು ಉಳಿದುಕೊಳ್ಳಬಹುದು. ಒಮ್ಮೊಮ್ಮೆ ಏನೂ ತೋರಿಸದೆ ರಾತ್ರಿ ಬೆಳಗಾಗುವುದರೊಳಗೆ ಮರಿ ಸತ್ತಿರುತ್ತದೆ. ವಿಷದ ಸಂಶಯ ಬಲವಾಗುವುದು ಇಲ್ಲಿಯೇ. ನಿಜ, ಇಲಿಗೆ ಇಟ್ಟ ಪಾಷಾಣದಿಂದಲೂ ಬೆಕ್ಕು ಸಾಯುತ್ತದೆ. ಅದೂ ಬಹಳ ಸಲ ಯಾರೂ ಬೇಕೆಂದು ಮಾಡಿದ್ದಲ್ಲ.

ರೋಗ ಹರಡುವುದು ಹೇಗೆ? ರೋಗದ ಬೆಕ್ಕಿನ ಮಲ, ವಾಂತಿ, ಜೊಲ್ಲಿನಿಂದ. ಅದು ತಟ್ಟೆಗೆ, ಗೋಣಿಚೀಲಕ್ಕೆ, ನಮ್ಮ ಕೈಗೆ, ಚಪ್ಪಲಿಗೆ ಹತ್ತುತ್ತದೆ. ಪಕ್ಕದ ಓಣಿಯಲ್ಲಿ ಮಕ್ಕಳು ಮರಿ ಎತ್ತಿ ಆಡಿಸಿ ಬಂದರೆ ಸಾಕು, ಮನೆಯಿಂದ ಹೊರಗೆ ಕಾಲಿಡದ ಮರಿಗೂ ರೋಗ ಬರುತ್ತದೆ. ಈ ವೈರಸ್ ಒಂದು ವರ್ಷದವರೆಗೂ ಮನೆಯಲ್ಲಿ ಉಳಿಯಬಲ್ಲದು. ಮನುಷ್ಯರಿಗೆ ಇದು ಬರುವುದಿಲ್ಲ, ಬಸುರಿ ಹೆಂಗಸರು, ಕೂಸುಗಳು ಇರುವ ಮನೆಯವರೂ ಇದಕ್ಕೆ ಹೆದರಬೇಕಾಗಿಲ್ಲ. ಆದರೆ ಬೆಕ್ಕು ಕಚ್ಚಿದರೆ, ಪರಚಿದರೆ ಅದು ಬೇರೆ ವಿಷಯ. ರೇಬಿಸ್ ಭಯ ಇದೆ. ಗಾಯವನ್ನು ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ.

ಮರಿ ಮಂಕಾದ ದಿನವೇ ಪಶು ಆಸ್ಪತ್ರೆಗೆ ಒಯ್ಯಿರಿ. "ನಾಳೆ ನೋಡೋಣ" ಅಂದರೆ ತಡವಾಗುತ್ತದೆ. ವೈರಸ್ಸನ್ನು ಕೊಲ್ಲುವ ಔಷಧ ಇಲ್ಲ, ಆದರೆ ಸಲೈನ್, ವಾಂತಿ ನಿಲ್ಲುವ ಇಂಜೆಕ್ಷನ್, ಬೇರೆ ಸೋಂಕು ತಡೆಯುವ ಔಷಧ ಕೊಟ್ಟರೆ ಎಷ್ಟೋ ಮರಿಗಳು ಉಳಿಯುತ್ತವೆ. ಮೊದಲ ಐದು ದಿನ ದಾಟಿದರೆ ಆಸೆ ಇಟ್ಟುಕೊಳ್ಳಬಹುದು. ಚಿಕಿತ್ಸೆ ಇಲ್ಲದಿದ್ದರೆ ಹತ್ತು ಮರಿಗಳಲ್ಲಿ ಒಂಬತ್ತು ಸಾಯುವುದೂ ಉಂಟು. ಮನೆಯಲ್ಲಿ ಬಲವಂತವಾಗಿ ಹಾಲು ಕುಡಿಸಬೇಡಿ. ಜ್ವರ ಅಂತ ಪ್ಯಾರಾಸಿಟಮಾಲ್ ಗುಳಿಗೆ ಅಂತೂ ಅರ್ಧವನ್ನೂ ಕೊಡಬೇಡಿ, ಬೆಕ್ಕಿಗೆ ಅದೇ ವಿಷ. ನಮಗೆ ಒಳ್ಳೆಯದಾದದ್ದು ಅವಕ್ಕೂ ಒಳ್ಳೆಯದು ಎಂಬ ನಂಬಿಕೆಯಿಂದ ಎಷ್ಟು ಬೆಕ್ಕುಗಳು ಸತ್ತಿವೆಯೋ.

ಸ್ವಚ್ಛತೆಯಲ್ಲಿಯೂ ಒಂದು ತಪ್ಪು ತಿಳುವಳಿಕೆ ಇದೆ. ಫಿನೈಲ್ ವಾಸನೆ ಬಂತು ಅಂದರೆ ಸ್ವಚ್ಛ ಆಯಿತು ಅಂತ ನಾವು ತಿಳಿಯುತ್ತೇವೆ. ಈ ವೈರಸ್ಸಿಗೆ ಫಿನೈಲನ್ನು ನಂಬುವಂತಿಲ್ಲ, ಮೇಲಾಗಿ ಬೆಕ್ಕು ಅದನ್ನು ತುಳಿದು ಕಾಲು ನೆಕ್ಕಿದರೆ ಅದಕ್ಕೇ ಅಪಾಯ. ಮೊದಲು ಮಲ, ವಾಂತಿ ತೆಗೆದು ಸೋಪಿನ ನೀರಿನಿಂದ ತಿಕ್ಕಿ ತೊಳೆಯಿರಿ. ಬಟ್ಟೆ ಬಿಳಿ ಮಾಡುವ ಬ್ಲೀಚ್ ದ್ರವ 1 ಲೋಟಕ್ಕೆ ಸುಮಾರು 30 ಲೋಟ ನೀರು ಬೆರೆಸಿ ಹಾಕಿ, 10 ನಿಮಿಷ ಬಿಟ್ಟು ತೊಳೆದು ಒಣಗಿಸಿ. ಬ್ಲೀಚನ್ನು ಆಸಿಡ್ ಜೊತೆ ಎಂದೂ ಬೆರೆಸಬಾರದು. ಗೋಣಿಚೀಲ, ಹಳೇ ಚಿಂದಿಗಳನ್ನು ಇಟ್ಟುಕೊಳ್ಳಬೇಡಿ. ಸತ್ತ ಮರಿಯನ್ನು ಗಟಾರಕ್ಕೆ ಎಸೆಯದೆ ಆಳವಾಗಿ ಹೂಳಿ. ಮಕ್ಕಳು ಅಳುತ್ತಾರೆಂದು ಮರುದಿನವೇ ಇನ್ನೊಂದು ಮರಿ ತಂದರೆ ಅದೂ ಸಾಯುತ್ತದೆ, ಲಸಿಕೆ ಪೂರ್ತಿಯಾದ ಬೆಕ್ಕನ್ನು ಮಾತ್ರ ತರಬೇಕು.

ಲಸಿಕೆಯೇ ಗಟ್ಟಿ ರಕ್ಷಣೆ. ಮರಿಗೆ 6ರಿಂದ 8 ವಾರ ಆದಾಗ ಮೊದಲನೆಯದು, ಆಮೇಲೆ 3-4 ವಾರಕ್ಕೊಮ್ಮೆ, 16 ವಾರ ತುಂಬುವ ತನಕ. ಒಂದೇ ಸಲ ಹಾಕಿಸಿ ಬಿಟ್ಟರೆ ಸಾಲದು, ತಾಯಿ ಹಾಲಿನಿಂದ ಬಂದ ಶಕ್ತಿ ಮೊದಲ ಲಸಿಕೆಯನ್ನು ಕೆಲಸ ಮಾಡಗೊಡುವುದಿಲ್ಲ. ಗಬ್ಬವಾದ ಬೆಕ್ಕಿಗೆ ವೈದ್ಯರನ್ನು ಕೇಳದೆ ಹಾಕಿಸಬೇಡಿ. ರೇಬಿಸ್ ಲಸಿಕೆ ಬೇರೆ, ಅದನ್ನೂ ಮೂರು ತಿಂಗಳಿಗೆ ಹಾಕಿಸಬೇಕು. ಖರ್ಚಿನ ಮಾತು ಬಂದೇ ಬರುತ್ತದೆ. ಲಸಿಕೆ ಇದೆಯೇ, ಎಷ್ಟು ಎಂದು ಮೊದಲೇ ವಿಚಾರಿಸಿ, ಓಣಿಯ ಗಟ್ಟಿಮುಟ್ಟಾದ ಮರಿಗಳನ್ನೆಲ್ಲಾ ಒಂದೇ ದಿನ ಒಂದೇ ಆಟೋದಲ್ಲಿ ಒಯ್ದರೆ ಬಾಡಿಗೆ ಹಂಚಿಹೋಗುತ್ತದೆ. ಕಾಯಿಲೆ ಮರಿಯನ್ನು ಅವುಗಳ ಜೊತೆ ಒಯ್ಯಬೇಡಿ.

ಬೆಕ್ಕನ್ನು ಪ್ರೀತಿಸಿ ಅಂತ ಮೋಮಿನಪುರದ ತಾಯಂದಿರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಪ್ರವಾದಿಯವರ ಸಂಗಾತಿ ಅಬೂ ಹುರೈರಾ ಅವರ ಹೆಸರಿನ ಅರ್ಥವೇ ಬೆಕ್ಕಿನ ಮರಿಯ ತಂದೆ ಎಂದು ನೀವೇ ಬಲ್ಲಿರಿ.

ಸಭೆಯಲ್ಲಿ ಚರ್ಚಿಸಲು:
ನಮ್ಮ ಓಣಿಯಲ್ಲಿ ಲಸಿಕೆ ಆಗದ ಮರಿಗಳು ಎಷ್ಟು, ಯಾರ ಮನೆಯಲ್ಲಿ?
ಇಲಿ ಪಾಷಾಣ ಇಡುವವರು ಪಕ್ಕದ ಮನೆಗಳಿಗೆ ಮೊದಲೇ ತಿಳಿಸುತ್ತಾರೆಯೇ?
"ವಿಷ ಹಾಕ್ಯಾರ" ಎಂಬ ಮಾತಿನಿಂದ ಮಾತು ಬಿಟ್ಟ ಇಬ್ಬರು ನಮ್ಮ ಸಂಘದಲ್ಲಿ ಇದ್ದಾರೆಯೇ? ಅವರ ಮನೆಗೆ ಯಾರು ಹೋಗುತ್ತೀರಿ?