ಬೀದರಿನ ಝರಿಗಳಿಗೆ ಹೊರಟ ಕಲಬುರಗಿ, ಕಮಲಾಪುರದವರ ಗಮನಕ್ಕೆ

ಕಲಬುರಗಿಯಿಂದ ಕಮಲಾಪುರ, ಹುಮನಾಬಾದ್ ದಾಟಿ ಬೀದರಿನ ಝರಣಿ ನರಸಿಂಹ ಗುಹಾ ದೇವಾಲಯ, ನಾನಕ್ ಝೀರಾ ಗುರುದ್ವಾರಗಳಿಗೆ ಹೋಗುವವರು ಇದನ್ನು ಓದಿಕೊಂಡೇ ಹೊರಡಬೇಕು. ರಸ್ತೆ ಬೇಡವೆಂದರೆ 2017ರಿಂದ ರೈಲೂ ಇದೆ.

ಮಾಡಬೇಕಾದ್ದು

ಝರಣಿ ನರಸಿಂಹನ ದರ್ಶನ ನೀರಿನಲ್ಲಿ ನಡೆದೇ ಆಗಬೇಕು. ಸುರಂಗ ಸುಮಾರು 300 ಮೀಟರ್, ನೀರು ಸೊಂಟದಿಂದ ಎದೆಮಟ್ಟ. ಗುಹೆ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿ. ಮುಚ್ಚಿರುವ ದಿನಗಳೂ ಉಂಟು. ಬೇರೆ ಬಟ್ಟೆ ಒಯ್ಯಿರಿ. ಮೊಬೈಲು, ಬಂಗಾರ ಹೊರಗೆ ನಿಂತವರ ಕೈಗೆ ಕೊಟ್ಟು ಇಳಿಯಿರಿ. ಮಕ್ಕಳನ್ನು ಹೆಗಲ ಮೇಲೆ ಕೂಡಿಸಿಕೊಳ್ಳಿ, ಕೈಹಿಡಿದು ನಡೆಸುತ್ತೇನೆ ಎನ್ನುವ ಧೈರ್ಯ ಬೇಡ. ದಮ್ಮು, ಹೃದಯದ ತೊಂದರೆ, ಮೂರ್ಛೆರೋಗ ಇದ್ದವರು ಬಾಗಿಲಲ್ಲೇ ಕೈಮುಗಿಯಬೇಕು. ಜನ ತುಂಬಿದರೆ ಒಳಗೆ ಗಾಳಿ ಸಾಲದು. ಇಷ್ಟು ದೂರ ಬಂದು ಒಳಗೆ ಹೋಗದಿದ್ದರೆ ಹೇಗೆ ಎಂದು ಒತ್ತಾಯ ಮಾಡುವ ಮನೆಮಂದಿಗೂ ಇದೇ ಮಾತು.

ನಾನಕ್ ಝೀರಾದಲ್ಲಿ ತಲೆಗೆ ಬಟ್ಟೆ ಇರಲಿ, ಚಪ್ಪಲಿ ಹೊರಗಿರಲಿ. ಬೀಡಿ, ತಂಬಾಕು, ಗುಟ್ಕಾ ಜೇಬಿನಲ್ಲೂ ಇರಕೂಡದು. ಲಂಗರಿನ ಊಟ ಎಲ್ಲರಿಗೂ ಉಂಟು. ಸಾಲಿನಲ್ಲಿ ನೆಲದ ಮೇಲೆ ಕುಳಿತು ಬೇಕಾದಷ್ಟೇ ಹಾಕಿಸಿಕೊಳ್ಳಿ. ಇದು ಗುರು ನಾನಕರು ಬಂದುಹೋದ ಜಾಗ. 1699ರಲ್ಲಿ ತಲೆ ಕೊಡುವವರು ಯಾರು ಎಂಬ ಗುರು ಗೋವಿಂದ ಸಿಂಗರ ಕರೆಗೆ ಎದ್ದುನಿಂತ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗರೂ ಬೀದರಿನವರೇ. ಹಾಗಾಗಿ ಪಂಜಾಬಿನಿಂದ ಬಂದವರು ಅಮೃತ ಕುಂಡದ ಮುಂದೆ ನಿಂತಿರುತ್ತಾರೆ. ಅವರನ್ನು ಸರಿಸಿ ಸೆಲ್ಫಿ ತೆಗೆಯಬೇಡಿ.

ಮಾಡಬಾರದ್ದು

ಝರಣಿಯ ನೀರಿನಿಂದ ಚರ್ಮರೋಗ ವಾಸಿಯಾಗುತ್ತದೆ ಎಂಬ ನಂಬಿಕೆ ಹಳೆಯದು. ನಂಬುವವರಿಗೆ ಅಡ್ಡಿಯಿಲ್ಲ, ಆದರೆ ಡಾಕ್ಟರು ಕೊಟ್ಟ ಮುಲಾಮು, ಗುಳಿಗೆ ನಿಲ್ಲಿಸಬಾರದು. ಮೈಮೇಲೆ ಹುಣ್ಣು, ಹಸಿ ಗಾಯ ಇದ್ದರೆ ಇಳಿಯಲೇಬಾರದು. ಬಂದವರೆಲ್ಲ ನಡೆಯುವುದು ಅದೇ ನೀರಿನಲ್ಲಿ, ಮೇಲೆ ಚಾವಣಿಯಲ್ಲಿ ಬಾವಲಿಗಳಿವೆ. ಆ ನೀರನ್ನು ಬಾಟಲಿಗೆ ತುಂಬಿ ತಂದು ಮನೆಯ ಕೂಸಿಗೆ ಕುಡಿಸುವುದಂತೂ ಕೂಡದು. ಬಾವಲಿಗಳತ್ತ ಟಾರ್ಚ್ ಬಿಡುವುದು, ಕೂಗಾಡುವುದು ಬೇಡ.

ಸೋಪು, ಶಾಂಪೂ, ಎಣ್ಣೆ ಎಲ್ಲಿಯೂ ನೀರಿಗೆ ತಾಗಬಾರದು. ಉಟ್ಟ ಬಟ್ಟೆಯನ್ನು ಬೀದರಿನ ಪಾಪನಾಶ ಗುಡಿಯ ಕೊಳದಲ್ಲಿ ಬಿಟ್ಟುಬಂದರೆ ಅದನ್ನು ಎತ್ತುವವರು ಸಫಾಯಿ ಕೆಲಸದವರು, ಪಾಪ ಅಲ್ಲೇ ಇರುತ್ತದೆ. ಬೀದರಿನ ಗುಡ್ಡದ ಮೇಲ್ಪದರ ತೂತುತೂತಾದ ಜಂಬಿಟ್ಟಿಗೆ ಕಲ್ಲು, ಅಡಿಯಲ್ಲಿ ಗಟ್ಟಿ ಕರಿಕಲ್ಲು. ಮೇಲೆ ಇಂಗಿದ ಮಳೆನೀರು ಕೆಳಗಿಳಿಯಲಾರದೆ ಅಂಚಿನಲ್ಲಿ ಝರಿಯಾಗಿ ಹೊರಬೀಳುತ್ತದೆ. ಬಹಮನಿ ಕಾಲದ ನೌಬಾದ್ ಕರೇಜು ನೆಲದಡಿಯ ಕಾಲುವೆಯಲ್ಲಿ ಹಿಡಿದು ತಂದದ್ದೂ ಇಂಥ ನೀರನ್ನೇ. ಮೇಲೆ ಚೆಲ್ಲಿದ ಹೊಲಸು ಝರಿಯ ಬಾಯಿಗೆ ಬಂದೇ ಬರುತ್ತದೆ. ಆದ್ದರಿಂದ ಕರೇಜಿನ ಬಾವಿಗಳಿಗೆ ಇಣುಕಿ ನೋಡಿ, ಪ್ಲಾಸ್ಟಿಕ್ ಬಾಟಲಿ ಹಾಕಬೇಡಿ.

ಬರುವಾಗ ಕಮಲಾಪುರದ ಕೆಂಪು ಬಾಳೆ ಕೊಳ್ಳಿ, ಭೌಗೋಳಿಕ ಗುರುತು ಪಡೆದ ಹಣ್ಣು ಅದು. ಸಿಪ್ಪೆ ಕಿಟಕಿಯಾಚೆ ಹೋಗಬಾರದು.

ಸೋಪು ಹಿಡಿದು ನೀರಿಗಿಳಿದವರು ನಮ್ಮೂರಿನವರೇ ಆಗಿದ್ದರೂ ದಾಕ್ಷಿಣ್ಯ ನೋಡದೆ ಮೇಲೆ ಕರೆಯಿರಿ.